ಹಳೇ ಗ್ರಾಂಡ್ ವಿಟಾರಾನ ಆಫ್‌ರೋಡ್‌ಗೆ, ದೂರದ ಟೂರಿಗೆ ರೆಡಿ ಮಾಡಿ ಆರು ವರ್ಷ: ಏನು ಉಳೀತು, ಏನು ಬಿಚ್ಚಿಹಾಕ್ದೆ

ಗಾಡಿ ಸುಜುಕಿ ಗ್ರಾಂಡ್ ವಿಟಾರಾ, 2005ರಲ್ಲಿ ಬಂತಲ್ಲ ಆ ಎರಡನೇ ಜನರೇಶನ್ನು, ಐದು ಬಾಗಿಲು, ಪೆಟ್ರೋಲ್, ಮ್ಯಾನುಯಲ್. ಸೆಕೆಂಡ್ ಹ್ಯಾಂಡ್ ತಗೊಂಡು ಆರು ವರ್ಷ ಆಯ್ತು, ಹತ್ರತ್ರ 90 ಸಾವಿರ ಕಿ.ಮೀ. ಓಡ್ಸಿದೀನಿ, ಅದ್ರಲ್ಲಿ ಅರ್ಧ ಮಣ್ಣು ದಾರಿ, ಮರಳು, ಕಲ್ಲೇ. ಈಗ ಅದೇ ಹೆಸರಲ್ಲಿ ಬರ್ತಿರೋ ಹೊಸ ಗಾಡಿಗೂ ಇದಕ್ಕೂ ಸಂಬಂಧ ಇಲ್ಲ, ಅದ್ರಲ್ಲಿ ಲೋ ರೇಂಜ್ (ನಿಧಾನಕ್ಕೆ, ಆದ್ರೆ ಜಾಸ್ತಿ ಬಲದಲ್ಲಿ ಎಳೆಯೋ ಇನ್ನೊಂದು ಗೇರ್ ಸೆಟ್) ಇಲ್ಲ.

ಇದನ್ನೇ ಯಾಕೆ ತಗೊಂಡೆ ಅಂದ್ರೆ, ಈ ಸೈಜಲ್ಲಿ ಸೆಂಟರ್ ಡಿಫ್ ಲಾಕೂ ಲೋ ರೇಂಜೂ ಎರಡೂ ಇರೋ ಗಾಡಿ ತುಂಬಾ ಕಮ್ಮಿ. ಡಿಫ್ ಅಂದ್ರೆ ಡಿಫರೆನ್ಷಿಯಲ್, ಚಕ್ರಗಳು ಬೇರೆ ಬೇರೆ ಸ್ಪೀಡಲ್ಲಿ ತಿರುಗೋಕೆ ಬಿಡೋ ಗೇರ್ ಪೆಟ್ಟಿಗೆ; ಮಧ್ಯದ್ದನ್ನ ಲಾಕ್ ಮಾಡಿದ್ರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹೋಗುತ್ತೆ. ಬಾಡಿ ಒಳಗೇ ಲ್ಯಾಡರ್ ಫ್ರೇಮ್ (ಏಣಿ ಥರದ ಉಕ್ಕಿನ ಚೌಕಟ್ಟು) ಸೇರ್ಸಿ ಕಟ್ಟಿದಾರೆ, ನಾಲ್ಕೂ ಚಕ್ರಕ್ಕೆ ಇಂಡಿಪೆಂಡೆಂಟ್ ಸಸ್ಪೆನ್ಶನ್ (ಒಂದೊಂದು ಚಕ್ರ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತೆ), ಫುಲ್ ಟೈಮ್ ಫೋರ್ ವೀಲ್ ಡ್ರೈವ್, ಲೋ ರೇಂಜ್ ರೇಶಿಯೋ 1.97. ಹುಡುಕೋರು ಒಂದು ಗಮನಿಸಿ, ಇದೇ ಜನರೇಶನ್ನಲ್ಲೂ ಲೋ ರೇಂಜ್ ಇಲ್ಲದ ಮಾಡೆಲ್‌ಗಳಿವೆ, ಡ್ಯಾಶ್‌ಬೋರ್ಡಲ್ಲಿ ಫೋರ್ ಹೈ, ಫೋರ್ ಹೈ ಲಾಕ್, ಫೋರ್ ಲೋ ಲಾಕ್ ಅಂತ ಇರೋ ನಾಬ್ ಕಣ್ಣಾರೆ ನೋಡೇ ದುಡ್ಡು ಕೊಡಿ.

ಮೊದಲು ಹಾಕ್ಸಿದ್ದು ಟಯರ್, ಇವತ್ತಿಗೂ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡಿರೋದು ಅದೇ. 225/70 ಆರ್ 16 ಇತ್ತು, 225/75 ಆರ್ 16 ಆಲ್ ಟೆರೇನ್ ಹಾಕ್ಸ್ದೆ. ಟಯರಿನ ಎತ್ತರ ಸುಮಾರು 22 ಮಿ.ಮೀ. ಜಾಸ್ತಿ ಆಗುತ್ತೆ, ಅದ್ರಲ್ಲಿ ಅರ್ಧ, ಅಂದ್ರೆ 11 ಮಿ.ಮೀ. ಮಾತ್ರ ಗಾಡಿ ಮೇಲೇಳೋದು, ಸ್ಪೀಡೋಮೀಟರ್ ನೂರಕ್ಕೆ ಮೂರರಷ್ಟು ಹಿಂದೆ ಬೀಳುತ್ತೆ. ಸ್ಟೀರಿಂಗ್ ಪೂರ್ತಿ ತಿರುಗ್ಸಿದಾಗ ಒಳಗಿನ ಪ್ಲಾಸ್ಟಿಕ್ ಲೈನರಿಗೆ ಸವರ್ತಿತ್ತು, ಹೀಟ್ ಗನ್ ಹಿಡಿದು ಒತ್ತಿ ಜಾಗ ಮಾಡ್ಕೊಂಡೆ. ಆದ್ರೆ ಟಯರಿಗಿಂತ ದೊಡ್ಡ ವಿಷಯ ಗಾಳಿ. ಮರಳಲ್ಲಿ 18 ಪಿಎಸ್‌ಐಗೆ ಇಳಿಸಿದ್ರೆ ಟಯರ್ ಉದ್ದಕ್ಕೆ ಚಪ್ಪಟೆ ಆಗಿ ಮರಳಿನ ಮೇಲೆ ತೇಲುತ್ತೆ, ರೋಡಿನ ಪ್ರೆಶರಲ್ಲೇ ಹೋದ್ರೆ ಅದೇ ಜಾಗದಲ್ಲಿ ಆಕ್ಸಲ್ ತನಕ ಹೂತ್ಕೊಳ್ಳುತ್ತೆ, ನಾನು ಎರಡೂ ನೋಡಿದೀನಿ. ಒಂದು ಒಳ್ಳೆ ಕಂಪ್ರೆಸರ್ ಜೊತೆಗಿರಲೇಬೇಕು, ಕಮ್ಮಿ ಗಾಳಿಲಿ ರೋಡಿಗೆ ಬಂದು ಸ್ಪೀಡಾಗಿ ಹೋದ್ರೆ ಟಯರ್ ಬಿಸಿಯಾಗಿ ಒಡೆಯುತ್ತೆ.

ಎರಡನೇದು ಲಿಫ್ಟ್, ಅಂದ್ರೆ ಗಾಡಿ ಎತ್ತರ ಮಾಡ್ಸೋದು, ಇಲ್ಲಿ ನಾನು ಅವಸರ ಮಾಡ್ದೆ. ಸ್ಪ್ರಿಂಗ್ ಬದಲಾಯ್ಸೋ ಬದಲು ಅಗ್ಗದ ಸ್ಪೇಸರ್ (ಸ್ಪ್ರಿಂಗ್ ಜೊತೆ ಸೇರ್ಸೋ ಬಿಲ್ಲೆ) ಹಾಕ್ಸಿ 50 ಮಿ.ಮೀ. ಎತ್ತಿಸ್ಬಿಟ್ಟೆ. ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು) ಗಾಡಿಲಿ ಲಿಫ್ಟ್ ಮಾಡಿದ್ರೆ ಡಿಫ್ ಇದ್ದಲ್ಲೇ ಇರುತ್ತೆ, ಬಾಡಿ ಮಾತ್ರ ಮೇಲೆ ಹೋಗುತ್ತೆ, ಇದ್ರಲ್ಲಿ ಡಿಫ್ಫೂ ಬಾಡಿ ಜೊತೆ ಮೇಲೆ ಬರುತ್ತೆ, ಅದು ಲಾಭವೇ, ಆದ್ರೆ ಚಕ್ರ ಅಲ್ಲೇ ಕೆಳಗಿರೋದ್ರಿಂದ ಚಕ್ರ ತಿರುಗಿಸೋ ಡ್ರೈವ್ ಶಾಫ್ಟ್ ಓರೆಯಾಗಿ ಅದರ ತುದಿಲಿ ಬಾಗೋ ಸಿವಿ ಜಾಯಿಂಟ್ ಮೇಲೆ ಭಾರ ಬೀಳುತ್ತೆ. ನಾಲ್ಕೇ ತಿಂಗಳಿಗೆ ಎಡಗಡೆ ಮುಂದಿನ ಚಕ್ರದ ಒಳಮೈ ತುಂಬಾ ಕಪ್ಪು ಗ್ರೀಸ್ ಎರಚಿತ್ತು, ಜಾಯಿಂಟ್ ಮುಚ್ಚೋ ರಬ್ಬರ್ ಬೂಟ್ ಮಡಿಕೆ ಇರೋ ಜಾಗದಲ್ಲೇ ಸೀಳಿತ್ತು, ತಿರುವಲ್ಲಿ ಟಕ್ ಟಕ್ ಶಬ್ದ. ಜಾಯಿಂಟ್ ಬದಲಾಯಿಸ್ಬೇಕಾಯ್ತು. ಆಮೇಲೆ ಸ್ಪೇಸರ್ ಕಿತ್ತು ಸರಿಯಾದ ಸ್ಪ್ರಿಂಗು, ಡ್ಯಾಂಪರ್ ಹಾಕ್ಸಿ 35 ಮಿ.ಮೀ.ಗೆ ನಿಲ್ಲಿಸ್ದೆ, ಚಕ್ರದ ವಾಲಿಕೆ ಸರಿಮಾಡೋ ಕ್ಯಾಂಬರ್ ಬೋಲ್ಟ್ ಹಾಕ್ಸಿ ಅಲೈನ್‌ಮೆಂಟ್ ಮಾಡ್ಸ್ದೆ, ಐದು ವರ್ಷದಿಂದ ಸಿವಿ ಜಾಯಿಂಟ್ ಮುಟ್ಟಿಲ್ಲ.

ಯಾರೂ ಹೆಚ್ಚು ಮಾತಾಡದ ಒಂದು ಕೆಲಸ ಅಂದ್ರೆ ಡಿಫ್ ಬ್ರೀದರ್, ಡಿಫ್ ಒಳಗಿನ ಗಾಳಿ ಹೋಗಿ ಬರೋ ಸಣ್ಣ ತೂತು. ಬಿಸಿಲಲ್ಲಿ ಎರಡು ಗಂಟೆ ಹತ್ತಿ ಇಳಿದು ಬಂದು, ಡಿಫ್ ಕಾದಿರೋವಾಗ್ಲೇ ಮೊಣಕಾಲುದ್ದ ಹಳ್ಳಕ್ಕೆ ಇಳಿಸ್ದೆ, ಮಧ್ಯದಲ್ಲಿ ನಿಲ್ಲಿಸಿ ದಾರಿ ನೋಡ್ತಾ ಹತ್ತು ನಿಮಿಷ ಕಳೀತು. ತಣ್ಣೀರಿಗೆ ಡಿಫ್ ಒಳಗಿನ ಗಾಳಿ ಕುಗ್ಗಿ ಬ್ರೀದರಿಂದ ನೀರು ಎಳ್ಕೊಂಡಿದೆ. ಮುಂದಿನ ವಾರ ಹಿಂದಿನ ಡಿಫ್ಫಿನ ಡ್ರೈನ್ ಪ್ಲಗ್ ಸಡಿಲ ಮಾಡ್ದಾಗ ಮೊದಲು ಬಂದಿದ್ದು ನಾಲ್ಕು ಹನಿ ನೀರು, ಆಮೇಲೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಆಯಿಲ್. ಎರಡು ಸಲ ತೊಳೆದು ಹೊಸ ಆಯಿಲ್ ಹಾಕ್ದೆ, ಬ್ರೀದರಿಗೆ ಪೈಪ್ ಜೋಡಿಸಿ ಟೈಲ್ ಲೈಟಿನ ಎತ್ತರಕ್ಕೆ ತಂದೆ. ಒಂದು ಮಧ್ಯಾಹ್ನದ ಕೆಲಸ ಅಷ್ಟೇ, ದಯವಿಟ್ಟು ಸ್ನಾರ್ಕಲ್‌ಗಿಂತ (ಎಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯೋ ಪೈಪ್) ಮೊದಲು ಇದನ್ನ ಮಾಡಿ.

ಆದ್ರೆ ನಂಗೆ ಇದೆಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ತೂಕ. ಟೂರಿಂಗ್ ಅಂತ ಒಂದೊಂದೇ ಸೇರ್ಸ್ತಾ ಹೋದೆ, ಮೇಲೆ ರೂಫ್ ಟೆಂಟು, ಹಿಂದೆ ಮರದ ಡ್ರಾಯರ್, ಫ್ರಿಡ್ಜು, ಎರಡನೇ ಬ್ಯಾಟರಿ, 40 ಲೀಟರ್ ನೀರು, ಮುಂದೆ ಕಬ್ಬಿಣದ ಬಂಪರ್. ಒಂದೊಂದೂ ಬೇಕು ಅನ್ಸೋದೇ. ಒಂದಿನ ಸಾಮಾನೆಲ್ಲ ತುಂಬಿ ಟೇಪ್ ಹಿಡಿದು ಹಿಂದಿನ ಚಕ್ರದ ನಡುವಿಂದ ಮಡ್‌ಗಾರ್ಡಿನ ಅಂಚಿನ ತನಕ ಅಳೆದೆ, ಖಾಲಿ ಗಾಡಿಗಿಂತ 38 ಮಿ.ಮೀ. ಕೂತಿದೆ. ಅಂದ್ರೆ ದುಡ್ಡು ಕೊಟ್ಟು ಎತ್ತಿಸಿದ್ದಷ್ಟನ್ನೂ ಸಾಮಾನೇ ತಿಂದುಹಾಕಿತ್ತು. ವೇಬ್ರಿಡ್ಜಿಗೆ ಹತ್ತಿಸಿದ್ರೆ ಗಾಡಿ ಪ್ಲೇಟ್ ಮೇಲಿರೋ ಗರಿಷ್ಠ ತೂಕಕ್ಕಿಂತ ಜಾಸ್ತಿ ತೋರಿಸ್ತು, ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ತೂಕ ಹಾಕ್ಕೊಂಡು ಮನೆಯವರನ್ನ ಕೂರಿಸ್ಕೊಂಡು ಘಾಟಿ ಇಳಿದಿದೀನಲ್ಲ ಅಂತ. ಟೆಂಟ್ ಇಳಿಸಿ ನೆಲದ ಟೆಂಟಿಗೆ ಬಂದೆ, ಡ್ರಾಯರ್ ಕಿತ್ತು ಎರಡು ಗಟ್ಟಿ ಪೆಟ್ಟಿಗೆ ಕಟ್ಟಿದೆ, ಕಬ್ಬಿಣದ ಬಂಪರ್ ಮಾರ್ದೆ. ಮೇಲಿನ ಭಾರ ಇಳಿದ ಮೇಲೆ ಓರೆ ಜಾಗದಲ್ಲಿ ಗಾಡಿ ವಾಲೋ ಭಯ ಹೋಯ್ತು, ಲೀಟರಿಗೆ 8.5ಕ್ಕೆ ಇಳಿದಿದ್ದ ಮೈಲೇಜ್ 9.5ಕ್ಕೆ ಬಂತು, 66 ಲೀಟರ್ ಟ್ಯಾಂಕಿಗೆ ಅದು ಅರವತ್ತು ಚಿಲ್ಲರೆ ಕಿ.ಮೀ. ಆಯ್ತಲ್ಲ, ಪೆಟ್ರೋಲ್ ಸಿಗದ ದಾರಿಲಿ ಅದ್ರ ಬೆಲೆ ಗೊತ್ತಾಗುತ್ತೆ.

ರಿಕವರಿ, ಅಂದ್ರೆ ಸಿಕ್ಕಿಕೊಂಡ ಗಾಡಿ ಎಳೆದು ತೆಗೆಯೋದರ ಬಗ್ಗೆ ಒಂದೇ ಮಾತು: ಟ್ರೇಲರ್ ಸಿಕ್ಕಿಸೋ ಟೋ ಬಾಲಿಗೆ ಹಗ್ಗ ಹಾಕಿ ಜಗ್ಗಿಸ್ಬೇಡಿ. ಕಿತ್ತು ಬಂದ್ರೆ ಗುಂಡಿನ ಹಾಗೆ ಹಾರುತ್ತೆ, ಜನ ಸತ್ತಿದಾರೆ. ಚಾಸಿಗೆ ಬೋಲ್ಟ್ ಆಗೋ, ಎಷ್ಟು ಭಾರ ತಡೆಯುತ್ತೆ ಅಂತ ನಮೂದಿಸಿರೋ ರೇಟೆಡ್ ಪಾಯಿಂಟ್ ಮುಂದೆ ಹಿಂದೆ ಹಾಕ್ಸಿ.

ಕೊರತೆ ಇಲ್ವಾ ಅಂದ್ರೆ ಇದೆ. ಮುಂದಿನ, ಹಿಂದಿನ ಡಿಫ್ ಎರಡೂ ಓಪನ್, ಅಂದ್ರೆ ಲಾಕ್ ಇಲ್ಲ, ಸಸ್ಪೆನ್ಶನ್ ಜಾಸ್ತಿ ಇಳಿಯಲ್ಲ, ಅದಕ್ಕೆ ಗುಂಡಿ ದಾರಿಲಿ ಮೂಲೆಗೆ ಮೂಲೆ ಇರೋ ಎರಡು ಚಕ್ರ (ಮುಂದೆ ಒಂದು ಕಡೇದು, ಹಿಂದೆ ಇನ್ನೊಂದು ಕಡೇದು) ಗಾಳಿಲಿ ಎದ್ರೆ ಅವೇ ಸುಮ್ನೆ ತಿರುಗ್ತಾ ಗಾಡಿ ನಿಂತುಬಿಡುತ್ತೆ. ಆಗ ಆಕ್ಸಿಲರೇಟರ್ ಒಂದೇ ಸಮ ಹಿಡಿದು ಎಡಗಾಲಲ್ಲಿ ಬ್ರೇಕ್ ಮೆತ್ತಗೆ ಒತ್ತಿದ್ರೆ ಎಷ್ಟೋ ಸಲ ನೆಲದ ಮೇಲಿರೋ ಚಕ್ರ ಕಚ್ಕೊಂಡು ಎದ್ದು ಬಂದಿದೆ, ಬರದಿದ್ರೆ ಕಲ್ಲು ಜೋಡಿಸೋದೇ. ಇನ್ನೊಂದು, ಸ್ಪೇರ್ ಟಯರ್ ಹಿಂದಿನ ಬಾಗಿಲಿಗೇ ನೇತಾಡುತ್ತೆ, ದೊಡ್ಡ ಟಯರ್ ಹಾಕಿದ ಮೇಲೆ ಆ ಭಾರ ಇನ್ನೂ ಹೆಚ್ಚು. ಪ್ರತಿ ಟ್ರಿಪ್ ಮುಗಿಸಿ ಬಂದ ಮೇಲೆ ಬಾಗಿಲು ಅರ್ಧ ತೆಗೆದು, ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡ್ತೀನಿ, ಹೋದ ತಿಂಗಳು ಕೆಳಗಿನ ಹಿಂಜಲ್ಲಿ ಕೂದಲೆಳೆಯಷ್ಟು ಆಟ ಕಾಣಿಸಿದೆ, ಈ ವಾರ ಪಿನ್ ಬದಲಾಯಿಸ್ತಿದೀನಿ.