1923ರ ಶಾಸನಸಭಾ ನಡಾವಳಿಯ ಮರುಮುದ್ರಣ: ಭಾಷಣಗಳಿವೆ, ಕೋಷ್ಟಕಗಳಿಲ್ಲ

ಬ್ರಿಟಿಷ್ ಭಾರತದ ಕೇಂದ್ರ ಶಾಸನಸಭೆಯು 1923ರ ಆರಂಭದಲ್ಲಿ ದೆಹಲಿಯಲ್ಲಿ ನಡೆಸಿದ ಅಧಿವೇಶನದ ಅಧಿಕೃತ ನಡಾವಳಿಯನ್ನು ಮೂಲ ಪುಟಗಳ ಪಡಿಯಚ್ಚಾಗಿ ಮುದ್ರಿಸಿ ಮಾರುತ್ತಿರುವ ಸಂಪುಟವೊಂದನ್ನು ಇತ್ತೀಚೆಗೆ ತರಿಸಿಕೊಂಡು ಪೂರ್ತಿ ಓದಿದೆ. ಹೊಲಿಗೆ ಗಟ್ಟಿಯಾಗಿದೆ, ಕಾಗದ ದಪ್ಪವಾಗಿದೆ, ಅಕ್ಷರಗಳು ಬಹುಮಟ್ಟಿಗೆ ಸ್ಪಷ್ಟವಾಗಿ ಮೂಡಿವೆ. ಆದರೆ ಇಂಥ ಸಭೆಯೊಂದು ದಿನದಿಂದ ದಿನಕ್ಕೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ತಿಳಿಯಬೇಕೆಂದು ಕೊಳ್ಳುವವರಿಗೆ ಬೇಕಾದ ಪುಟಗಳನ್ನೇ ಪ್ರಕಾಶಕರು ಕೈಬಿಟ್ಟಿದ್ದಾರೆ.

ಆರಿಸಿಕೊಂಡ ಅಧಿವೇಶನದ ಬಗ್ಗೆ ನನ್ನ ತಕರಾರಿಲ್ಲ. 1919ರ ಭಾರತ ಸರ್ಕಾರ ಕಾಯ್ದೆಯಂತೆ ರಚನೆಯಾಗಿ 1921ರಲ್ಲಿ ಕಾರ್ಯಾರಂಭ ಮಾಡಿದ ಈ ಸಭೆಯಲ್ಲಿ ಚುನಾಯಿತ ಸದಸ್ಯರದೇ ಬಹುಮತವಿದ್ದರೂ ಸೇನಾ ವೆಚ್ಚ ಅವರ ಮತಕ್ಕೆ ಬರುತ್ತಿರಲಿಲ್ಲ, ಅವರು ಅಂಗೀಕರಿಸಿದ ನಿರ್ಣಯಗಳಿಗೆ ಸರ್ಕಾರ ಬದ್ಧವಾಗಿರಲಿಲ್ಲ, ಅವರು ತಳ್ಳಿಹಾಕಿದ ಮಸೂದೆಯನ್ನು ವೈಸ್‌ರಾಯ್ ತಮ್ಮ ವಿಶೇಷಾಧಿಕಾರದಿಂದ ಕಾಯ್ದೆಯನ್ನಾಗಿ ಮಾಡಬಹುದಿತ್ತು. ಆ ವರ್ಷ ಆದದ್ದೂ ಅದೇ. ಹಣಕಾಸು ಸದಸ್ಯ ಸರ್ ಬೇಸಿಲ್ ಬ್ಲ್ಯಾಕೆಟ್ ಆಯವ್ಯಯದಲ್ಲಿ ಮಣವೊಂದಕ್ಕೆ 1 ರೂಪಾಯಿ 4 ಆಣೆ ಇದ್ದ ಉಪ್ಪಿನ ತೆರಿಗೆಯನ್ನು 2 ರೂಪಾಯಿ 8 ಆಣೆಗೆ ಏರಿಸಲು ಹೊರಟಾಗ ಸಭೆ ಒಪ್ಪಲಿಲ್ಲ, ವೈಸ್‌ರಾಯ್ ಲಾರ್ಡ್ ರೀಡಿಂಗ್ ಅದನ್ನು ದೃಢೀಕರಿಸಿ ಜಾರಿಗೊಳಿಸಿದರು. ಈ ಚರ್ಚೆಯ ಪುಟಗಳು ಸಂಪುಟದಲ್ಲಿ ಅಚ್ಚುಕಟ್ಟಾಗಿ ಬಂದಿವೆ. ಹೊದಿಕೆಯ ಬೆನ್ನಿನ ಮೇಲಿನ ಪರಿಚಯವೂ ಬಹುಪಾಲು ಇದನ್ನೇ ಕುರಿತದ್ದು.

ಹೀಗೆ ಒಂದೇ ಚರ್ಚೆಯನ್ನು ಮುಂದೆ ಮಾಡಿದ್ದರಿಂದ ಉಳಿದ ಕಲಾಪ ಬದಿಗೆ ಸರಿದಿದೆ. ದುಪ್ಪಟ್ಟಾದ ಉಪ್ಪಿನ ತೆರಿಗೆ ಮರುವರ್ಷವೇ ಹಳೆಯ ದರಕ್ಕೆ ಇಳಿಯಿತು. ಅದೇ ಅಧಿವೇಶನದಲ್ಲಿ ಹೆಚ್ಚು ಸದ್ದಿಲ್ಲದೆ ಮುಗಿದ ಬಾಯ್ಲರುಗಳ ಮಸೂದೆಯಾದರೋ ಕಾಯ್ದೆಯಾಗಿ ನೂರು ವರ್ಷ ದಾಟಿ, 2025ರಲ್ಲಿ ಸಂಸತ್ತು ಹೊಸ ಕಾಯ್ದೆ ತರುವವರೆಗೆ ಬಾಳಿತು. ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ಕೊಡಿಸುವ ಕಾಯ್ದೆ, ಗಣಿ ಕಾಯ್ದೆ ಎರಡೂ ಆ ವರ್ಷದವೇ. ಗಣಿ ಕಾಯ್ದೆ ಭೂಮಿಯ ಮೇಲಿನ ಕೆಲಸಕ್ಕೆ ವಾರಕ್ಕೆ 60 ಗಂಟೆ, ಒಳಗಿನ ಕೆಲಸಕ್ಕೆ 54 ಗಂಟೆ ಎಂದು ಮಿತಿ ಹಾಕಿತು, 13 ವರ್ಷ ತುಂಬದ ಮಕ್ಕಳನ್ನು ಗಣಿಯಿಂದ ಹೊರಗಿಟ್ಟಿತು. ಹೆಂಗಸರು ಗಣಿಯೊಳಗೆ ಇಳಿಯುವುದನ್ನು ತಡೆಯುವ ನಿಯಮಗಳು ಮಾತ್ರ 1929ರವರೆಗೆ ಬರಲಿಲ್ಲ. ಮಸೂದೆಯೊಂದು ಆಯ್ಕೆ ಸಮಿತಿಗೆ ಹೋಗಿ, ವರದಿಯೊಂದಿಗೆ ಹಿಂತಿರುಗಿ, ಖಂಡ ಖಂಡವಾಗಿ ಚರ್ಚೆಯಾಗುವ ಆ ನಿಧಾನಗತಿಯ ಪುಟಗಳಲ್ಲಿ ಒಂದೊಂದು ಪದಕ್ಕಾಗಿ ಸದಸ್ಯರು ಹೋರಾಡಿದ್ದನ್ನು ಓದುವಾಗ, ಅಧಿಕಾರವಿಲ್ಲದ ಸಭೆಯೆಂದು ಅದನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ದಿನದ ವರದಿ ಆರಂಭವಾಗುವ ಕ್ರಮ ಒಂದೇ: ಸಭೆ ಹನ್ನೊಂದು ಗಂಟೆಗೆ ಸೇರಿತು, ಅಧ್ಯಕ್ಷರು ಪೀಠದಲ್ಲಿದ್ದರು. ಹೊಸಬರಿದ್ದರೆ ಪ್ರಮಾಣವಚನ, ಆಮೇಲೆ ಪ್ರಶ್ನೋತ್ತರ. ಮೂರನೇ ದರ್ಜೆಯ ರೈಲು ಪ್ರಯಾಣಿಕರ ಅನನುಕೂಲ, ಅಂಚೆ ಗುಮಾಸ್ತರ ಸಂಬಳ, ಮೇಲಿನ ಹುದ್ದೆಗಳಲ್ಲಿ ಭಾರತೀಯರೆಷ್ಟು ಎಂಬಂಥ ವಿಚಾರಣೆಗಳಿಗೆ ಸರ್ಕಾರದಿಂದ ಲೆಕ್ಕ ಹೊರಗೆ ತರಿಸಲು ಸದಸ್ಯರಿಗಿದ್ದ ನೇರ ದಾರಿ ಇದೊಂದೇ. ಉತ್ತರ ಉದ್ದವಾಗಿದ್ದರೆ ಸರ್ಕಾರಿ ಸದಸ್ಯರು ‘ಹೇಳಿಕೆಯನ್ನು ಸಭೆಯ ಮುಂದಿರಿಸಲಾಗಿದೆ’ ಎಂದಷ್ಟೇ ಹೇಳಿ ಕೂರುತ್ತಿದ್ದರು, ಕೇಳಿದ ಅಂಕಿಗಳೆಲ್ಲ ಅದರ ಜೊತೆಗಿನ ಕೋಷ್ಟಕದಲ್ಲಿರುತ್ತಿದ್ದವು. ಈ ಮರುಮುದ್ರಣದಲ್ಲಿ ಆ ವಾಕ್ಯ ಮತ್ತೆ ಮತ್ತೆ ಬರುತ್ತದೆ, ಕೋಷ್ಟಕ ಹಲವು ಕಡೆ ಬರುವುದೇ ಇಲ್ಲ. ಮೂಲದಲ್ಲಿ ಮಡಿಸಿ ಸೇರಿಸಿದ್ದ ದೊಡ್ಡ ಹಾಳೆಯೊಂದನ್ನು ಬಿಡಿಸದೆ ಹಾಗೆಯೇ ಸ್ಕ್ಯಾನ್ ಮಾಡಿದ್ದಾರೆ: ಎಡಗಡೆ ರೈಲ್ವೆಗಳ ಹೆಸರುಗಳ ಸಾಲು ಕಾಣುತ್ತದೆ, ಅಂಕಿಗಳಿರಬೇಕಾದ ಜಾಗದಲ್ಲಿ ಮಡಿಕೆಯ ಖಾಲಿ ಬೆನ್ನು ಅಚ್ಚಾಗಿದೆ. ಪ್ರಶ್ನೆ ಕೇಳಿದ ಸದಸ್ಯರ ಶ್ರಮವೆಲ್ಲ ಆ ಅಂಕಿಗಳಿಗಾಗಿಯೇ ಇದ್ದುದರಿಂದ ಇದನ್ನು ಸಣ್ಣ ಲೋಪವೆಂದು ನಾನು ಎಣಿಸಲಾರೆ.

ಮತ ವಿಭಜನೆಯ ಪಟ್ಟಿಗಳಿಗೂ ಇದೇ ಗತಿ. ಪರ, ವಿರೋಧ ಎಂದು ಎರಡು ಸಾಲುಗಳಲ್ಲಿ ಹೆಸರುಗಳನ್ನು ಕೊಟ್ಟಿರುವ ಈ ಪಟ್ಟಿಗಳಿಂದಲೇ ಸರ್ಕಾರಿ ಸದಸ್ಯರ ಜೊತೆಗೆ ಯಾವ ಚುನಾಯಿತರು ನಿಂತರೆಂದು ತಿಳಿಯಬೇಕು; ಹೊಲಿಗೆಯ ಕಡೆಯ ಅಂಚನ್ನು ಮಿತಿಮೀರಿ ಕತ್ತರಿಸಿದ್ದರಿಂದ ಹಲವು ಪುಟಗಳಲ್ಲಿ ಹೆಸರುಗಳ ಮೊದಲ ಅಕ್ಷರಗಳು ಹೋಗಿವೆ. ಹೆಸರು ಮತ್ತು ವಿಷಯವಾರು ಸೂಚಿಯನ್ನು ಸೇರಿಸಿಲ್ಲ. ಕಾರ್ಮಿಕರ ಪ್ರತಿನಿಧಿಯಾಗಿ ನಾಮಕರಣಗೊಂಡಿದ್ದ ಎನ್. ಎಂ. ಜೋಶಿಯವರು ಆಡಿದ ಮಾತುಗಳನ್ನೆಲ್ಲ ಒಟ್ಟಿಗೆ ನೋಡಬೇಕೆಂದರೆ ಇಡೀ ಸಂಪುಟವನ್ನು ತಿರುವಿಹಾಕದೆ ಬೇರೆ ದಾರಿಯಿಲ್ಲ.

ಪ್ರಕಾಶಕರಿಗೆ ಪತ್ರ ಬರೆದೆ; ಭಾಷಣಗಳಿಗೆ ಧಕ್ಕೆಯಾಗಿಲ್ಲವೆಂಬ ಉತ್ತರ ಬಂತು. ಉಪ್ಪಿನ ತೆರಿಗೆಯ ಚರ್ಚೆಯನ್ನಷ್ಟೇ ಓದಬಯಸುವವರು ಧೈರ್ಯವಾಗಿ ಕೊಳ್ಳಬಹುದು. ಸಂಶೋಧಕರೂ ಗ್ರಂಥಾಲಯಗಳೂ ಈ ಮುದ್ರಣಕ್ಕೆ ಹಣ ಹಾಕುವುದು ಬೇಡ. ಮಡಿಕೆ ಹಾಳೆಗಳನ್ನು ಬಿಡಿಸಿ ಮತ್ತೆ ಸ್ಕ್ಯಾನ್ ಮಾಡಿ, ಬಿಟ್ಟುಹೋದ ಕೋಷ್ಟಕಗಳನ್ನೂ ಸೂಚಿಯನ್ನೂ ಸೇರಿಸಿ ಇನ್ನೊಂದು ಮುದ್ರಣ ತಂದರೆ ಇದಕ್ಕಿಂತ ಹೆಚ್ಚಿನ ಬೆಲೆ ಕೊಟ್ಟಾದರೂ ನಾನು ಕೊಳ್ಳುತ್ತೇನೆ.