ಎಫ್ ಒತ್ತಿದರೆ ಒತ್ತಕ್ಷರ: ಲಿನಕ್ಸ್ ಮಿಂಟ್ 22 ಜೊತೆ ಒಂದು ವರ್ಷ

ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆಯುತ್ತೇನೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಅಂತ ಐದು ಕೀಲಿ ಒತ್ತುತ್ತೇನೆ. ‘ಕನ್ನಡ’ ಅಂತ ಮೂಡುತ್ತದೆ. ಕೀಬೋರ್ಡ್ ಸರಿಯಾದ ಭಾಷೆಯಲ್ಲಿದೆಯಾ ಅಂತ ನೋಡಿಕೊಳ್ಳಲು ಶುರುವಾದ ಅಭ್ಯಾಸ ಇದು. ಈಗ ಅದಿಲ್ಲದೆ ಕೆಲಸಕ್ಕೆ ಕೈ ಹೋಗುವುದಿಲ್ಲ.

ನನ್ನ ಲ್ಯಾಪ್‌ಟಾಪ್ 2014ರದ್ದು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3, 8 ಜಿಬಿ ರ್‍ಯಾಮ್. ಹಳೇ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದೇನೆ, ಖರ್ಚು ಮಾಡಿದ್ದು ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದಾದರೂ ಇರಬೇಕು. ನನ್ನದು ಆ ಲೆಕ್ಕಕ್ಕೆ ಬರುವುದಿಲ್ಲ. ಪಿಂಚಣಿಯಲ್ಲಿ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮನಸ್ಸೂ ಇರಲಿಲ್ಲ. ಹಾಗಾಗಿ 2024ರ ಶುರುವಿನಲ್ಲೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್‌ನ 21.3 ಆವೃತ್ತಿ ಹಾಕಿಕೊಂಡೆ. ಆ ವರ್ಷ ಜುಲೈನಲ್ಲಿ 22 ಬಂತು. ದೀಪಾವಳಿ ಕಳೆದ ಮೇಲೆ ಅದಕ್ಕೆ ಏರಿದೆ.

ತಡ ಮಾಡಿದ್ದಕ್ಕೆ ಕಾರಣ ಟೈಪಿಂಗ್. ಇಪ್ಪತ್ತು ವರ್ಷ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದ ಕೈ ಇದು. ಊರಿನವರ ಅರ್ಜಿ, ಸಂಘದ ನಡಾವಳಿ, ಮದುವೆ ಕಾಗದ, ಎಲ್ಲ ನನ್ನ ಹತ್ತಿರವೇ ಬರುತ್ತವೆ. ಹೊಸ ಆವೃತ್ತಿಗೆ ಹೋಗಿ ಕೀಲಿಮಣೆ ಕೈಕೊಟ್ಟರೆ ಏನು ಗತಿ ಅನ್ನೋ ಭಯವಿತ್ತು.

ಏನೂ ಆಗಲಿಲ್ಲ. ಭಾಷೆಯ ಕೀಲಿಮಣೆ ಆರಿಸುವ ಐಬಸ್ ಸಾಧನದಲ್ಲಿ ಕನ್ನಡದ ಪಟ್ಟಿ ತೆರೆದರೆ ‘ಕೆಜಿಪಿ’ ಅನ್ನುವ ವಿನ್ಯಾಸ ಕಾಣುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾವು ಕಲಿತ ಅದೇ ಜೋಡಣೆ. ಎಫ್ ಒತ್ತಿದರೆ ಒತ್ತಕ್ಷರ, ಶಿಫ್ಟ್ ಹಿಡಿದು ಐ ಒತ್ತಿದರೆ ದೀರ್ಘ ಈಕಾರ. ಇಂಗ್ಲಿಷ್ ಬೇಕಾದಾಗ ಸೂಪರ್ ಕೀಲಿ (ವಿಂಡೋಸ್ ಚಿಹ್ನೆ ಇರುವುದು) ಮತ್ತು ಸ್ಪೇಸ್. ಬರೆದದ್ದೆಲ್ಲ ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ. ಅದನ್ನೇ ವಾಟ್ಸ್ಆ್ಯಪ್‌ಗೆ ಹಾಕಿ, ಮೇಲ್ ಮಾಡಿ, ಗೂಗಲ್‌ನಲ್ಲಿ ಹುಡುಕಿ, ಅಕ್ಷರ ಒಡೆಯುವುದಿಲ್ಲ.

ಅಪ್‌ಗ್ರೇಡ್ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 21.3ರಿಂದ 22ಕ್ಕೆ ಹೋಗಲು ಟರ್ಮಿನಲ್‌ನಲ್ಲಿ ‘ಮಿಂಟ್‌ಅಪ್‌ಗ್ರೇಡ್’ ಅನ್ನುವ ಸಾಧನ ಹಾಕಿಕೊಳ್ಳಬೇಕು. ಟೈಮ್‌ಶಿಫ್ಟ್‌ನಲ್ಲಿ ಈಗಿರುವ ಸಿಸ್ಟಮ್‌ನ ಒಂದು ಪ್ರತಿ ತೆಗೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ. ನಮ್ಮ ನೆಟ್‌ಗೆ ಅರ್ಧ ದಿನ ಹಿಡಿಯಿತು. ಆಮೇಲೆ 2025ರ ಜನವರಿಯಲ್ಲಿ ಬಂದ 22.1ಕ್ಕೆ ಇಷ್ಟೆಲ್ಲ ಬೇಕಾಗಲಿಲ್ಲ, ಅಪ್‌ಡೇಟ್ ಮ್ಯಾನೇಜರ್‌ನಲ್ಲೇ ಮುಗಿಯಿತು.

ಆ ಅಪ್‌ಡೇಟ್ ಮ್ಯಾನೇಜರ್ ನನಗೆ ತುಂಬ ಇಷ್ಟ. ಕೆಳಗೆ ಮೂಲೆಯಲ್ಲಿ ಗುರಾಣಿಯ ಚಿತ್ರ ಇರುತ್ತದೆ. ಹೊಸದೇನಾದರೂ ಬಂದರೆ ಅದರ ಮೇಲೆ ಒಂದು ಚುಕ್ಕೆ. ನಾನು ಒತ್ತುವ ತನಕ ಸುಮ್ನೆ ಕೂತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ನನ್ನ ಬ್ಯಾಟರಿ ಇಪ್ಪತ್ತು ನಿಮಿಷ ಬಂದರೆ ಹೆಚ್ಚು. ಕರೆಂಟು ಹೋಗದೆ ಸ್ಥಿರವಾಗಿದೆ, ಕೈಯಲ್ಲಿ ಕೆಲಸವಿಲ್ಲ ಅನ್ನುವಾಗ ಒತ್ತುತ್ತೇನೆ. 22.1ರಲ್ಲಿ ಬಂದ ‘ನೈಟ್ ಲೈಟ್’ ಕೂಡ ಒಳ್ಳೆಯದು. ಸಂಜೆಯಾದರೆ ತೆರೆ ಹಳದಿಗೆ ತಿರುಗುತ್ತದೆ, ಕಣ್ಣು ಉರಿಯುವುದು ಕಡಿಮೆಯಾಗಿದೆ.

ಇಷ್ಟು ಹೊಗಳಿದ ಮೇಲೆ, ಈ ವರ್ಷ ಅನುಭವಿಸಿದ ಕಷ್ಟವನ್ನೂ ಹೇಳಬೇಕು. ನಮ್ಮ ಶಾಲೆಯ ಐವತ್ತರ ಸಂಭ್ರಮಕ್ಕೆ ಒಂದು ಸ್ಮರಣ ಸಂಚಿಕೆ ಮಾಡಿದೆವು, 64 ಪುಟ. ಎಲ್ಲ ಲೇಖನ ನಾನೇ ಲಿಬ್ರೆ ಆಫೀಸ್‌ನಲ್ಲಿ ಟೈಪ್ ಮಾಡಿದೆ. ಪೇಟೆಯ ಪ್ರೆಸ್‌ಗೆ ಪೆನ್‌ಡ್ರೈವ್ ಕೊಟ್ಟರೆ, “ಸಾರ್, ನುಡಿ ಫಾಂಟಲ್ಲಿ ಕೊಡಿ, ಯುನಿಕೋಡ್ ನಮ್ಮ ಪೇಜ್ ಮಾಡೋ ಸಾಫ್ಟ್‌ವೇರಲ್ಲಿ ಬರಲ್ಲ” ಅಂದರು. ಪರಿವರ್ತಕದಲ್ಲಿ ಹಾಕಿ ಹಳೇ ಫಾಂಟಿಗೆ ತಿರುಗಿಸಿದೆ. ಪ್ರೂಫ್ ಬಂದಾಗ ಅಳು ಬಂತು. ‘ಕಾರ್ಯದರ್ಶಿ’ಯ ಅರ್ಕಾವೊತ್ತು ಎರಡು ಕಡೆಯೂ ಜಾಗ ತಪ್ಪಿತ್ತು. ಕಾರ್ಯದರ್ಶಿಯ ಹೆಸರು ಪ್ರತಿ ಮೂರನೇ ಪುಟದಲ್ಲಿ ಬರುತ್ತದೆ! ಎರಡು ರಾತ್ರಿ ಕೂತು ಕೆಂಪು ಪೆನ್ನಲ್ಲಿ ತಿದ್ದಿದೆ. ತಿದ್ದಿದ್ದು ಮತ್ತೆ ತಪ್ಪಾಗಿ ಬಂತು.

ಇದು ಮಿಂಟ್‌ನ ತಪ್ಪಲ್ಲ, ಗೊತ್ತು. ಆದರೆ ಬಳಸುವವರಿಗೆ ಈ ಪೆಟ್ಟು ಬಿದ್ದೇ ಬೀಳುತ್ತದೆ. 2005ರಿಂದ ಬರೆದಿಟ್ಟ ನನ್ನ ಹಳೇ ಕಡತಗಳದ್ದೂ ಇದೇ ಕಥೆ. ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಬದಲು ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಒಂದೊಂದೇ ಯುನಿಕೋಡ್‌ಗೆ ತಿರುಗಿಸುತ್ತಿದ್ದೇನೆ. ಇನ್ನೂ ಅರ್ಧ ಬಾಕಿ.

ಕೊನೆಗೆ ಸಂಚಿಕೆಯನ್ನು ನಾನೇ ಪುಟ ಕಟ್ಟಿ ಪಿಡಿಎಫ್ ಮಾಡಿದೆ, ಬೇರೆ ಪ್ರೆಸ್‌ನವರು ಅದನ್ನೇ ಅಚ್ಚು ಹಾಕಿದರು. ಆ ನೆಪದಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕುವಾಗ ‘ಗುಬ್ಬಿ’, ‘ನವಿಲು’ ಅನ್ನುವ ಎರಡು ಕನ್ನಡ ಫಾಂಟ್ ಸಿಕ್ಕವು. ಎರಡೂ ಉಚಿತ. ನವಿಲು ಕೈಬರಹದ ಥರ ಇದೆ. ಮಕ್ಕಳ ಪದ್ಯಗಳನ್ನೆಲ್ಲ ಅದರಲ್ಲೇ ಹಾಕಿದೆ. ಪುಟ ನೋಡಿ ಹಳೇ ವಿದ್ಯಾರ್ಥಿಯೊಬ್ಬಳು, “ಸಾರ್, ಬೋರ್ಡ್ ಮೇಲೆ ನೀವು ಬರೆದ ಹಾಗೇ ಇದೆ” ಅಂದಳು. ಎರಡು ರಾತ್ರಿಯ ಸಿಟ್ಟು ಅಲ್ಲಿಗೆ ಇಳಿಯಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದ ಮೇಲೆ ಊರಿನ ಇಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದರು. ಕಾಲೇಜು ಹುಡುಗಿಗೆ ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ತೋರಿಸಿದೆ. ಇಷ್ಟವಾಯಿತು, ಹಾಕಿಕೊಟ್ಟೆ. ಇನ್ನೊಬ್ಬರು ಅಂಗಡಿಯ ಲೆಕ್ಕವನ್ನೆಲ್ಲ ಟ್ಯಾಲಿಯಲ್ಲಿ ಇಡುವವರು. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ನಿಮಗೆ ಇದು ಬೇಡ, ಹೊಸ ಕಂಪ್ಯೂಟರ್‌ಗೆ ದುಡ್ಡು ಕೂಡಿಸಿ ಅಂತಲೇ ಹೇಳಿ ಕಳಿಸಿದೆ.

ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಅಲ್ಲಿವರೆಗೆ ಈ ಲ್ಯಾಪ್‌ಟಾಪೇ ಸಾಕು. ಎಡಗಡೆಯ ಹಿಂಜ್ ಸಡಿಲವಾಗಿದೆ, ಬರುವ ವಾರ ಪೇಟೆಗೆ ಹೋದಾಗ ಬಿಗಿ ಮಾಡಿಸಬೇಕು.