ಪಟ್ಟಿ ಕವಚವೋ, ಉಂಗುರದ ಕವಚವೋ?

ರೋಮನ್ ಲೀಜನ್ (ಸೇನಾದಳ) ವೇಷ ತೊಟ್ಟು ಆ ಕಾಲವನ್ನು ಮರುಸೃಷ್ಟಿಸಿ ತೋರಿಸುವ ಬ್ರಿಟನ್ನಿನ ತಂಡ ಸೇರುತ್ತಿದ್ದೀರಿ, ಮೊದಲು ಯಾವ ಕವಚ ಕೊಳ್ಳಲಿ ಅಂತ ಕೇಳಿದ್ದೀರಿ. ತಂಡ ತೋರಿಸುವ ಕಾಲ ಯಾವುದು ನೋಡಿ. ಲೋಹದ ಪಟ್ಟಿ ಜೋಡಿಸಿದ ಕವಚ ಸೆಗ್ಮೆಂಟಾಟಾ; ಅದು ಕ್ರಿ.ಶ. 1ರಿಂದ 3ನೇ ಶತಮಾನದ ಸೈನಿಕನಿಗೆ ಒಪ್ಪುತ್ತದೆ. ಲೋಹದ ಉಂಗುರ ಹೆಣೆದ ಕವಚ ಹಮಾಟಾ; ಅದು ಸೀಸರನ ಕಾಲಕ್ಕೂ (ಕ್ರಿ.ಪೂ. 1ನೇ ಶತಮಾನ) ಸರಿ, ಆಮೇಲಕ್ಕೂ ಸರಿ.

ತೂಕದಲ್ಲಿ ಹಮಾಟಾ ಸಾಮಾನ್ಯವಾಗಿ ಜಾಸ್ತಿ, ಅದೂ ಪೂರ್ತಿ ಹೆಗಲ ಮೇಲೆ. ಸೊಂಟಪಟ್ಟಿ ಬಿಗಿದರೆ ಸ್ವಲ್ಪ ಭಾರ ಸೊಂಟಕ್ಕೆ ಇಳಿಯುತ್ತದೆ. ದಿನವಿಡೀ ನಡೆಯುವವರು ಇದನ್ನು ಮರೀಬೇಡಿ.

ರಿಪೇರಿ ವಿಷಯ ನನಗೆ ಮುಖ್ಯ. ಸೆಗ್ಮೆಂಟಾಟಾದ ತೆಳು ಹಿತ್ತಾಳೆ ಕೀಲು, ಚರ್ಮದ ಪಟ್ಟಿ ಆಗಾಗ ಕೈಕೊಡುತ್ತವೆ. 1964ರಲ್ಲಿ ಉತ್ತರ ಇಂಗ್ಲೆಂಡಿನ ಕಾರ್ಬ್ರಿಜ್‌ನಲ್ಲಿ ಸಿಕ್ಕ ರೋಮನ್ ಕವಚಗಳಲ್ಲೂ ಕೀಲು ಹೋದ ಕಡೆ ತಗಡುಗಳಿಗೆ ನೇರವಾಗಿ ರಿವೆಟ್ ಹೊಡೆದಿದ್ದಾರೆ! ಹಮಾಟಾದಲ್ಲಿ ಉಂಗುರ ಬಿಚ್ಚಿದರೆ ಇನ್ನೊಂದು ಸೇರಿಸಿದರಾಯ್ತು. ರಿವೆಟ್ ಹೊಡೆದ ಉಂಗುರದ್ದೇ ಕೊಳ್ಳಿ; ದುಬಾರಿ, ಆದರೆ ಸುಮ್ನೆ ಬಾಗಿಸಿ ಕೂಡಿಸಿದವು ಬೇಗ ಬಾಯಿ ಬಿಡುತ್ತವೆ.

ಶಾಲೆ, ಮ್ಯೂಸಿಯಂ ಪ್ರದರ್ಶನವೇ ಜಾಸ್ತಿಯಾದರೆ ಸೆಗ್ಮೆಂಟಾಟಾ. ಮಕ್ಕಳು ನೋಡಿದ ಕೂಡಲೇ ರೋಮನ್ ಅಂತ ಗುರುತಿಸುತ್ತಾರೆ. ಒಬ್ಬರೇ ಓಡಾಡುವವರಿಗೆ, ಹಲವು ಕಾಲದ ಪಾತ್ರ ಮಾಡುವವರಿಗೆ ಹಮಾಟಾ. ಎರಡರ ಒಳಗೂ ದಪ್ಪ ಮೆತ್ತೆಯ ಅಂಗಿ ಬೇಕೇ ಬೇಕು.